ಇಂಗ್ಲಿಷ್ ಬೆಳೆದದ್ದು ಎರವಲಿನಿಂದಲೇ?

ಕನ್ನಡದ ಮಾತಿನಲ್ಲಿ ಇಂಗ್ಲಿಷ್ ಪದಗಳು ತುಂಬಿಕೊಳ್ಳುತ್ತಿವೆ ಎಂದು ಯಾರಾದರೂ ಸಂಕಟಪಟ್ಟ ಕೂಡಲೇ ಒಂದು ಸಿದ್ಧ ಸಮಾಧಾನ ಎದುರಾಗುತ್ತದೆ. ಇಂಗ್ಲಿಷ್ ಇವತ್ತು ಜಗತ್ತಿನ ಉದ್ದಗಲಕ್ಕೂ ಹಬ್ಬಿರುವುದು ಅದು ಮಡಿ ಬಿಟ್ಟದ್ದರಿಂದ. ಫ್ರೆಂಚ್, ಲ್ಯಾಟಿನ್, ಗ್ರೀಕ್, ಅರಬ್ಬಿ, ಹಿಂದಿ ಎಂದು ನೋಡದೆ ಸಿಕ್ಕಲ್ಲಿಂದ ಪದ ಎತ್ತಿಕೊಂಡು ಅದು ಬೆಳೆಯಿತು. ಕನ್ನಡವೂ ಬಾಗಿಲು ತೆರೆದಿಟ್ಟರೆ ಬೆಳೆಯುತ್ತದೆ, ಮುಚ್ಚಿಕೊಂಡರೆ ಸೊರಗುತ್ತದೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆ ರಾಜ್ಯೋತ್ಸವದ ವೇದಿಕೆಗಳಲ್ಲಿ, ಶಾಲಾ ವಾರ್ಷಿಕೋತ್ಸವಗಳಲ್ಲಿ ಈ ಮಾತನ್ನು ಮತ್ತೆ ಮತ್ತೆ ಕೇಳಿದ್ದೇನೆ. ಹೇಳುವವರು ಕನ್ನಡದ ವೈರಿಗಳಲ್ಲ. ಮನೆಯಲ್ಲಿ ಕನ್ನಡ, ಕೆಲಸದಲ್ಲಿ ಇಂಗ್ಲಿಷ್ ಎಂಬ ಇಕ್ಕಟ್ಟಿನಲ್ಲಿ ಬದುಕುವವರು. ಈ ಇಕ್ಕಟ್ಟು ಒಂದು ನಷ್ಟವಲ್ಲ, ಬೆಳವಣಿಗೆಯ ದಾರಿಯೇ ಇರಬೇಕು ಎಂದು ನಂಬಲು ಬಯಸುವವರು. ಆದರೆ ಈ ನಂಬಿಕೆಯೊಳಗೆ ಎರಡು ಬೇರೆ ಬೇರೆ ಸಂಗತಿಗಳು ಗಂಟುಬಿದ್ದಿವೆ. ಆ ಗಂಟನ್ನು ಬಿಡಿಸುವುದು ಈ ಲೇಖನದ ಉದ್ದೇಶ.

ಮೊದಲು ಆ ವಾದದ ಬಲ ಎಲ್ಲಿದೆ ಎಂದು ನೋಡೋಣ. ಶಾರ್ಟರ್ ಆಕ್ಸ್‌ಫರ್ಡ್ ನಿಘಂಟಿನ ಸುಮಾರು 80,000 ಪದಗಳ ಮೂಲವನ್ನು ಎಣಿಸಿ ಫಿಂಕೆನ್‌ಸ್ಟಾಟ್ ಮತ್ತು ವುಲ್ಫ್ ಎಂಬ ವಿದ್ವಾಂಸರು 1973ರಲ್ಲಿ ಒಂದು ಲೆಕ್ಕ ಕೊಟ್ಟರು. ಫ್ರೆಂಚಿನಿಂದ ಬಂದವು ಶೇಕಡಾ 28ರಷ್ಟು, ಲ್ಯಾಟಿನ್‌ನಿಂದ ಬಂದವೂ ಹೆಚ್ಚುಕಡಿಮೆ ಅಷ್ಟೇ. ಇಂಗ್ಲಿಷಿನ ಸ್ವಂತ ಜರ್ಮಾನಿಕ್ ಮೂಲದವು ಕಾಲು ಭಾಗ. ಮುಕ್ಕಾಲು ಪಾಲು ಪದಸಂಪತ್ತು ಹೊರಗಿನದಾಗಿರುವ ಭಾಷೆಯೊಂದು ಜಗತ್ತಿನಲ್ಲಿ ಮುಂದಿದೆ ಎಂದಮೇಲೆ, ಎರವಲು ಭಾಷೆಯನ್ನು ಕೊಲ್ಲುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಇಷ್ಟರ ಮಟ್ಟಿಗೆ ಅವರ ಮಾತು ಸರಿ, ನಾನು ಒಪ್ಪುತ್ತೇನೆ. ಆದರೆ ಎರವಲಿನಿಂದ ಭಾಷೆ ಸಾಯಲಿಲ್ಲ ಎನ್ನುವುದು ಬೇರೆ, ಎರವಲಿನಿಂದಲೇ ಬೆಳೆಯಿತು ಎನ್ನುವುದು ಬೇರೆ. ಮೊದಲನೆಯದನ್ನು ಸಾಬೀತುಪಡಿಸಿ ಎರಡನೆಯದು ತಾನಾಗಿ ಸಾಬೀತಾಯಿತೆಂದು ತಿಳಿಯುವುದೇ ಇಲ್ಲಿನ ಮೊದಲ ಎಡವಟ್ಟು. ಇನ್ನೊಂದು ಮಾತು. ನಿಘಂಟಿನ ಲೆಕ್ಕ ಬೇರೆ, ಬಾಯಿಮಾತಿನ ಲೆಕ್ಕ ಬೇರೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ನೂರು ಪದಗಳನ್ನು ತೆಗೆದುಕೊಂಡರೆ ಹೆಚ್ಚುಕಡಿಮೆ ಎಲ್ಲವೂ ಅದರ ಹಳೆಯ ಮನೆಯವೇ. ಅವರು, ಅವರಿಗೆ, ಅವರ ಎಂಬ ಅರ್ಥದ ಮೂರು ಸರ್ವನಾಮಗಳು ಸ್ಕ್ಯಾಂಡಿನೇವಿಯಾದಿಂದ ಬಂದವರ ನುಡಿಯವು. ಅವನ್ನೂ ಇನ್ನು ನಾಲ್ಕಾರನ್ನೂ ಬಿಟ್ಟರೆ ವಾಕ್ಯದ ಮೂಳೆಗಳೆಲ್ಲ ಸ್ವಂತದವು. ಹೊರಗಿನಿಂದ ಬಂದ ಸಾವಿರಾರು ಪದಗಳು ಈ ಮೂಳೆಗಳಿಗೆ ಅಂಟಿಕೊಂಡ ಮಾಂಸ. ಇಂಗ್ಲಿಷ್ ಮಡಿ ಬಿಟ್ಟಿತು ಎನ್ನುವವರು ಅದು ಎಲ್ಲಿ ಬಿಟ್ಟಿತು, ಎಲ್ಲಿ ಬಿಡಲಿಲ್ಲ ಎಂಬುದನ್ನು ನೋಡಿದ ಹಾಗೆ ಕಾಣುವುದಿಲ್ಲ.

ಈಗ ಚರಿತ್ರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಮೇಲೆ ಅರಮನೆ, ನ್ಯಾಯ, ಮಠ ಮತ್ತು ಪಾಠಶಾಲೆಗಳಿಂದ ಇಂಗ್ಲಿಷ್ ಹೊರಬಿತ್ತು. ಒಡೆಯರದ್ದು ಫ್ರೆಂಚ್, ಪಾದ್ರಿಗಳದ್ದು ಲ್ಯಾಟಿನ್, ಉಳುವವರದ್ದು ಇಂಗ್ಲಿಷ್. ಎರವಲಿನಿಂದ ಭಾಷೆ ಬೆಳೆಯುತ್ತದೆ ಎಂಬ ವಾದದ ಪ್ರಕಾರ ಫ್ರೆಂಚ್ ಪದಗಳ ಮಹಾಪೂರ ಬರಬೇಕಾದದ್ದು ಈ ಹೊತ್ತಿನಲ್ಲಿ. ಫ್ರೆಂಚಿನ ದಬ್ಬಾಳಿಕೆ ತುಟ್ಟತುದಿಯಲ್ಲಿದ್ದ ಆ ಮೊದಲ ನೂರೈವತ್ತು ವರ್ಷಗಳಲ್ಲಿ. ಆದರೆ ಆಗ ಇಂಗ್ಲಿಷಿಗೆ ಬಂದ ಫ್ರೆಂಚ್ ಪದಗಳು ಕಡಿಮೆ. ಪೂರ ಬಂದದ್ದು 1250ರಿಂದ 1400ರ ನಡುವೆ. ಈ ಅವಧಿಯಲ್ಲಿ ಮತ್ತು ಅದಕ್ಕೆ ತುಸು ಮುಂಚೆ ಆದದ್ದೇನು? 1204ರಲ್ಲಿ ಇಂಗ್ಲೆಂಡಿನ ದೊರೆ ನಾರ್ಮಂಡಿಯನ್ನು ಕಳೆದುಕೊಂಡ. ಶ್ರೀಮಂತರಿಗೆ ಕಡಲಾಚೆಯ ಫ್ರೆಂಚ್ ಬದುಕಿನ ಕೊಂಡಿ ಕಳಚಿತು. 1337ರಲ್ಲಿ ಫ್ರಾನ್ಸಿನ ಜೊತೆ ದೀರ್ಘ ಯುದ್ಧ ಶುರುವಾಯಿತು. 1348ರ ಮಹಾಮಾರಿ ಪ್ಲೇಗು ಕಲಿಸುವವರನ್ನೂ ಕಲಿಯುವವರನ್ನೂ ಗುಡಿಸಿಹಾಕಿತು. 1362ರಲ್ಲಿ ಕೋರ್ಟಿನ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು ಕಾನೂನಾಯಿತು. ಆ ಕಾನೂನನ್ನು ಬರೆದದ್ದು ಮಾತ್ರ ಫ್ರೆಂಚಿನಲ್ಲಿ. ಜಾನ್ ಕಾರ್ನ್‌ವಾಲ್ ಎಂಬ ಮೇಷ್ಟ್ರು ಫ್ರೆಂಚನ್ನು ಬಿಟ್ಟು ಇಂಗ್ಲಿಷಿನಲ್ಲಿ ಪಾಠ ಹೇಳತೊಡಗಿದ, 1385ರ ಹೊತ್ತಿಗೆ ದೇಶದ ಎಲ್ಲ ವ್ಯಾಕರಣ ಶಾಲೆಗಳೂ ಅದೇ ದಾರಿ ಹಿಡಿದವು ಎಂದು ಆ ಕಾಲದ ಲೇಖಕ ಜಾನ್ ಟ್ರೆವೀಸ ಬರೆದಿದ್ದಾನೆ. ಮಕ್ಕಳು ಬೇಗ ಕಲಿಯುತ್ತಾರೆಂಬುದು ಇದರ ಲಾಭ, ಅವರಿಗೆ ಫ್ರೆಂಚ್ ಬಾರದೆ ಹೋಗಿ ಪರದೇಶದಲ್ಲಿ ಕಷ್ಟಪಡುತ್ತಾರೆಂಬುದು ನಷ್ಟ ಎಂದು ಎರಡನ್ನೂ ಅವನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ನಮ್ಮ ಶಿಕ್ಷಣ ಮಾಧ್ಯಮದ ಜಗಳದಲ್ಲಿ ಕೇಳುವ ಮಾತುಗಳೇ ಇವು.

ಅಂದರೆ ಫ್ರೆಂಚ್ ಪದಗಳು ಇಂಗ್ಲಿಷಿಗೆ ಹಿಂಡುಹಿಂಡಾಗಿ ನುಗ್ಗಿದ್ದು ಫ್ರೆಂಚಿನ ಕೆಲಸಗಳು ಒಂದೊಂದಾಗಿ ಇಂಗ್ಲಿಷಿನ ಕೈಗೆ ಬಂದಾಗ. ಅಲ್ಲಿಯವರೆಗೆ ಫ್ರೆಂಚಿನಲ್ಲಿ ವಕೀಲಿ ಮಾಡುತ್ತಿದ್ದವನು ಇಂಗ್ಲಿಷಿನಲ್ಲಿ ವಾದಿಸಲು ನಿಂತ. ನಾಲಗೆಗೆ ರೂಢಿಯಾಗಿದ್ದ ಫ್ರೆಂಚ್ ಪದಗಳನ್ನು ಇಂಗ್ಲಿಷ್ ವಾಕ್ಯದೊಳಕ್ಕೆ ತಂದ. ನ್ಯಾಯಾಧೀಶ, ಕೋರ್ಟು, ಪಾರ್ಲಿಮೆಂಟು, ಸರಕಾರ ಇವುಗಳಿಗೆ ಇಂಗ್ಲಿಷಿನಲ್ಲಿ ಇವತ್ತಿರುವ ಪದಗಳೆಲ್ಲ ಫ್ರೆಂಚಿನವು. ಕೆಲಸ ಬಂತು, ಅದರ ಬೆನ್ನಿಗೆ ಪದ ಬಂತು. ಬೆಳವಣಿಗೆ ಕಾರಣ, ಎರವಲು ಪರಿಣಾಮ. ನಮ್ಮ ವೇದಿಕೆಯ ವಾದ ಇದನ್ನು ತಲೆಕೆಳಗು ಮಾಡಿ, ಪದ ತಂದರೆ ಕೆಲಸ ತಾನಾಗಿ ಹಿಂದೆ ಬರುತ್ತದೆ ಎಂದು ಹೇಳುತ್ತಿದೆ.

ಹಾಗೆಂದು ಇಂಗ್ಲಿಷಿಗೆ ನಷ್ಟವೇ ಆಗಲಿಲ್ಲ ಎನ್ನಲಾಗದು. ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಅಣ್ಣತಮ್ಮಂದಿರಿಗೆ ಒಂದು ಪದ, ತಂದೆಯ ಅಣ್ಣತಮ್ಮಂದಿರಿಗೆ ಇನ್ನೊಂದು ಪದ ಇತ್ತು. ಅತ್ತೆ ಚಿಕ್ಕಮ್ಮಂದಿರ ವಿಷಯದಲ್ಲೂ ಹಾಗೆಯೇ. ಫ್ರೆಂಚಿನಿಂದ ಅಂಕಲ್, ಆಂಟ್ ಬಂದು ನಾಲ್ಕನ್ನೂ ನುಂಗಿದವು. ಸೋದರಮಾವ, ಚಿಕ್ಕಪ್ಪ, ದೊಡ್ಡಪ್ಪ ಎಂಬ ಬೇರೆ ಬೇರೆ ಸಂಬಂಧ, ಬೇರೆ ಬೇರೆ ಹೊಣೆ ಇಟ್ಟುಕೊಂಡ ನಮ್ಮ ಮನೆಗಳಲ್ಲಿ ಅದೇ ಅಂಕಲ್ ಸುಮಾರು ಏಳು ಶತಮಾನ ತಡವಾಗಿ ಬಂದು ಅದೇ ಕೆಲಸ ಮಾಡುತ್ತಿದೆ. ಇಂಗ್ಲಿಷ್ ಈ ನಷ್ಟದ ನಂತರವೂ ಬದುಕಿತು, ಬೆಳೆಯಿತು, ಅದು ನಿಜ. ಆದರೆ ಆ ನಷ್ಟವನ್ನು ಅದು ತುಂಬಿಕೊಳ್ಳಲಿಲ್ಲ. ಇವತ್ತಿಗೂ ಇಂಗ್ಲಿಷಿನವನು ಸೋದರಮಾವ ಎನ್ನಲು ಒಂದಕ್ಕಿಂತ ಹೆಚ್ಚು ಪದ ಖರ್ಚು ಮಾಡಬೇಕು. ಇಂಗ್ಲಿಷಿನ ಉದಾಹರಣೆ ಕೊಡುವವರು ಈ ಪುಟವನ್ನೂ ಓದಬೇಕೆಂದು ನನ್ನ ಕೋರಿಕೆ.

ಇಂಗ್ಲೆಂಡಿನ ಮಾತು ಸಾಕು. ನಮ್ಮ ನೆಲಕ್ಕೇ ಬರೋಣ. ತಾಲ್ಲೂಕು ಕಚೇರಿಗೆ ಬರುವ ಕಡೂರಿನ ರೈತನ ಬಾಯಲ್ಲಿ ಇರುವ ಪದಗಳು ಯಾವುವು? ಜಿಲ್ಲೆ, ತಾಲ್ಲೂಕು, ತಹಸೀಲ್ದಾರ, ಅರ್ಜಿ, ಜಮೀನು, ದಸ್ತಾವೇಜು, ವಕೀಲ, ದಾವೆ, ರಾಜಿ. ಎಲ್ಲವೂ ಅರಬ್ಬಿ, ಪಾರಸಿಯವು. ಬಗರ್ ಹುಕುಂ ಸಾಗುವಳಿ ಎಂಬುದರಲ್ಲಿ ಮೊದಲೆರಡು ಪದಗಳ ಮೂಲಾರ್ಥ ಆದೇಶವಿಲ್ಲದೆ ಎಂದು. ಆದರೆ ಮೂಲ ಗೊತ್ತಿಲ್ಲದವನಿಗೂ ಆ ನುಡಿಗಟ್ಟಿನ ಒಂದೊಂದು ಅಕ್ಷರದ ಬೆಲೆ ಗೊತ್ತು, ಯಾಕೆಂದರೆ ಅವನ ಎರಡೆಕರೆ ಅದರ ಮೇಲೆ ನಿಂತಿದೆ. ಈ ಪದಗಳೂ ಆಳುವವರ ಮೇಜಿನಿಂದ ಬಂದವು. ಆಳುವವರು ಹೋದರು, ಅವರ ಆಡಳಿತದ ಪದಗಳು ಕನ್ನಡದಲ್ಲಿ ನಡೆಯತೊಡಗಿದ ಆಡಳಿತದೊಳಗೆ ಉಳಿದುಕೊಂಡವು. ಅಜ್ಜಂಪುರದ ಅಮೃತ್ ಮಹಲ್ ಕಾವಲು ಇನ್ನೂ ಒಳ್ಳೆಯ ಉದಾಹರಣೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಹಸುಗಳ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಟಿಪ್ಪು ಅದನ್ನು ಅಮೃತ್ ಮಹಲ್ ಎಂದು ಬದಲಿಸಿದ. ಅಮೃತ ಸಂಸ್ಕೃತ, ಮಹಲ್ ಅರಬ್ಬಿ. ಇಲಾಖೆಯ ಹೆಸರು ದೊರೆಯ ಇಷ್ಟದಂತೆ ಬದಲಾಯಿತು. ಆದರೆ ದನ ಮೇಯುವ ಜಾಗದ ಹೆಸರು, ಕಾಯುವುದೆಂಬ ಧಾತುವಿನಿಂದ ಹುಟ್ಟಿದ ಕಾವಲು, ಬದಲಾಗಲಿಲ್ಲ. ಮುಂದೆ ಬ್ರಿಟಿಷರು ತಮ್ಮ ಇಂಗ್ಲಿಷ್ ಕಡತಗಳಲ್ಲೂ ಕಾವಲ್ ಎಂದೇ ಬರೆದರು. ಮೇಯಿಸುವ ಕೆಲಸ ನಡೆಯುತ್ತಿದ್ದದ್ದು ಕನ್ನಡದಲ್ಲಿ, ಆದ್ದರಿಂದ ಅಲ್ಲಿ ಸಾಲ ಮಾಡಿದ್ದು ಇಂಗ್ಲಿಷು.

ಅರಬ್ಬಿ, ಪಾರಸಿಗೂ ಮುಂಚಿನ ಎರವಲು ಸಂಸ್ಕೃತದ್ದು. ತರೀಕೆರೆಯಿಂದ ಕೆಲವೇ ಮೈಲಿ ದೂರದ ಅಮೃತಾಪುರದಲ್ಲಿ 1196ರಲ್ಲಿ ಅಮೃತ ದಂಡನಾಯಕ ಕಟ್ಟಿಸಿದ ಅಮೃತೇಶ್ವರ ದೇವಾಲಯವಿದೆ. ಅಲ್ಲಿನ ಶಾಸನವನ್ನು ರಚಿಸಿದವನು ಕವಿ ಜನ್ನ. ಲೂಯಿಸ್ ರೈಸ್ 1901ರಲ್ಲಿ ಅಚ್ಚುಹಾಕಿಸಿದ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಅದು ಸೇರಿದೆ. ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಕಡೂರು ಜಿಲ್ಲೆ ಎಂದೇ ಹೆಸರು. ಜನ್ನನ ಕನ್ನಡದ ತುಂಬ ಸಂಸ್ಕೃತವಿದೆ. ಅದರಿಂದ ಆ ಕನ್ನಡ ಬಡವಾಗಲಿಲ್ಲ, ಯಾಕೆಂದರೆ ಕಾವ್ಯ, ಶಾಸನ, ದಾನಪತ್ರಗಳ ಕೆಲಸ ಕನ್ನಡದಲ್ಲೇ ನಡೆಯುತ್ತಿತ್ತು. ಇದೇ ಜನ್ನನ ಸೋದರಳಿಯ ಕೇಶಿರಾಜ. ಸುಮಾರು 1260ರಲ್ಲಿ ಶಬ್ದಮಣಿದರ್ಪಣವೆಂಬ ವ್ಯಾಕರಣ ಬರೆದಾಗ ಅವನು ಅಪಭ್ರಂಶ ಪ್ರಕರಣವೆಂಬ ಒಂದು ಅಧ್ಯಾಯವನ್ನೇ ಎರವಲಿಗೆ ಮೀಸಲಿಟ್ಟ. ಸಂಸ್ಕೃತದ ಪದ ಕನ್ನಡಕ್ಕೆ ಬರುವಾಗ ಅದರ ಯಾವ ಅಕ್ಷರ ಏನಾಗುತ್ತದೆ ಎಂಬ ನಿಯಮಗಳ ಪಟ್ಟಿ ಅದು. ಶ್ರೀ ಎಂಬುದು ಸಿರಿ, ವಿದ್ಯೆ ಎಂಬುದು ಬಿಜ್ಜೆ, ಆಕಾಶ ಎಂಬುದು ಆಗಸ ಆಗುವ ದಾರಿಗಳು. ಎರವಲಿನ ಬಗ್ಗೆ ನಮ್ಮಲ್ಲಿ ಏಳುನೂರೈವತ್ತು ವರ್ಷಗಳ ಹಿಂದೆಯೇ ಶಾಸ್ತ್ರವಿತ್ತು ಎಂಬುದನ್ನು ಮರೆತು, ಎರವಲು ಎಂದ ತಕ್ಷಣ ಇಂಗ್ಲೆಂಡಿನ ಕಡೆ ನೋಡುತ್ತೇವೆ. ಅಚ್ಚಗನ್ನಡದ ಹಟ ಹಿಡಿದವನೆಂದು ಹೆಸರಾದ ಆಂಡಯ್ಯನೂ ತತ್ಸಮಗಳನ್ನು ಬಿಟ್ಟನೇ ಹೊರತು ತದ್ಭವಗಳನ್ನು ಬಿಡಲಿಲ್ಲ. ಅವನ ಕಬ್ಬಿಗರ ಕಾವದ ಹೆಸರಿನಲ್ಲಿರುವ ಕಬ್ಬವೇ ಕಾವ್ಯದ ತದ್ಭವ. ನಮ್ಮ ಅತ್ಯಂತ ಕಟ್ಟುನಿಟ್ಟಿನ ಕವಿ ಕೂಡ ಪದ ಎಲ್ಲಿಂದ ಬಂತೆಂದು ಕೇಳಲಿಲ್ಲ; ಬಂದಮೇಲೆ ಕನ್ನಡವಾಯಿತೇ ಎಂದು ಕೇಳಿದ. ಇವತ್ತು ಎಲ್ಲ ಇಂಗ್ಲಿಷ್ ಪದಗಳನ್ನೂ ಕಿತ್ತೆಸೆಯಬೇಕೆನ್ನುವವರಿಗೆ ಆಂಡಯ್ಯನ ಬೆಂಬಲ ಸಿಗುವುದಿಲ್ಲ.

ಹಾಗಾದರೆ ಒಂದು ಎರವಲು ಪದವನ್ನು ತೂಗುವುದು ಹೇಗೆ? ಮೂರು ಪ್ರಶ್ನೆಗಳು ಸಾಕು ಎಂದು ನನಗನ್ನಿಸುತ್ತದೆ.

1. ಪದ ಬಂದಮೇಲೆ ಇಲ್ಲಿನ ಅರ್ಥ ಪಡೆಯಿತೇ? ಇಂಗ್ಲಿಷಿನಲ್ಲಿ ರೈಲ್ ಎಂದರೆ ಹಳಿ. ಬೀರೂರು ಜಂಕ್ಷನ್ನಿನಲ್ಲಿ ಕಾಯುವವರಿಗೆ ರೈಲು ಎಂದರೆ ಗಾಡಿಯೇ. ಕರೆಂಟು ಹೋಯಿತು, ಬೋರು ಬತ್ತಿತು, ಟಿಸಿ ಸುಟ್ಟಿತು ಎನ್ನುವಾಗ ಆ ಪದಗಳು ಇಂಗ್ಲಿಷಿನವನಿಗೆ ಅರ್ಥವಾಗದಷ್ಟು ನಮ್ಮವಾಗಿವೆ.

2. ಕನ್ನಡದ ವ್ಯಾಕರಣ ಅದನ್ನು ಹಿಡಿಯಿತೇ? ನಾಮಪದಗಳ ವಿಷಯದಲ್ಲಿ ತೊಡಕಿಲ್ಲ: ಬಸ್ಸು, ಬಸ್ಸಿಗೆ, ಬಸ್ಸಿನಲ್ಲಿ. ಕ್ರಿಯಾಪದಗಳ ಕಥೆ ಬೇರೆ. ಸಂಸ್ಕೃತದಿಂದ ಪ್ರಶ್ನಿಸು, ಪ್ರಾರಂಭಿಸು ಆದವು. ಅರಬ್ಬಿ, ಪಾರಸಿಯಿಂದ ಬದಲಾಯಿಸು, ರವಾನಿಸು, ಜಮಾಯಿಸು, ಅಜಮಾಯಿಸು ಆದವು. ವಜಾ ಮಾಡು, ಮಂಜೂರು ಮಾಡು ಎಂದು ಹೊರಗೇ ಉಳಿದವೂ ಇವೆ. ಇಂಗ್ಲಿಷಿನಿಂದ ಬಂದವು ಬಹುತೇಕ ಹೊರಗೇ ನಿಂತಿವೆ: ಅಡ್ಜಸ್ಟ್ ಮಾಡು, ಕ್ಯಾನ್ಸಲ್ ಮಾಡು, ಟ್ರಾನ್ಸ್‌ಫರ್ ಮಾಡು. ಅಡ್ಜಸ್ಟಿಸು ಎಂದು ಯಾರೂ ಹೇಳುವುದಿಲ್ಲ. ಆದರೆ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವವರು ಟೈಪಿಸು ಎಂದು ಸಲೀಸಾಗಿ ಹೇಳುತ್ತಾರೆ, ಬರೆಯುತ್ತಾರೆ. ಈ ಒಂದು ಪದ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಆ ಕೆಲಸವನ್ನು ಜನ ಕನ್ನಡಕ್ಕಾಗಿ, ಕನ್ನಡದಲ್ಲಿ ಮಾಡುತ್ತಿದ್ದಾರೆ. ಆದ್ದರಿಂದ ಅಲ್ಲಿ ಇಂಗ್ಲಿಷ್ ಧಾತುವಿಗೆ ನಮ್ಮ ಪ್ರತ್ಯಯ ಹತ್ತಿತು.

3. ಅದು ಖಾಲಿ ಜಾಗಕ್ಕೆ ಬಂತೇ, ಕೂತವರನ್ನು ಎಬ್ಬಿಸಿತೇ? ಮೋಟಾರು, ಸ್ಟಾರ್ಟರು, ಫ್ಯೂಸು ಬಂದಾಗ ಕನ್ನಡದಲ್ಲಿ ಆ ಜಾಗ ಖಾಲಿ ಇತ್ತು. ಇಂಗ್ಲಿಷ್ ಮಾಧ್ಯಮದ ಮಗು ಏಳು ಎನ್ನುವ ಬದಲು ಸೆವೆನ್, ನೀಲಿ ಎನ್ನುವ ಬದಲು ಬ್ಲೂ ಎಂದಾಗ ಖಾಲಿ ಜಾಗ ಇರಲಿಲ್ಲ. ಮಗು ಲೆಕ್ಕ ಮಾಡುವ ಕೆಲಸವೇ ಕನ್ನಡದಿಂದ ಎದ್ದುಹೋಗಿದೆ, ಪದ ಅದರ ಗುರುತು ಅಷ್ಟೆ.

ಮೂರನೆಯ ಪ್ರಶ್ನೆಯೇ ಗಂಟಿನ ಎಳೆ. ಎರವಲು ಎಂಬ ಒಂದೇ ಹೆಸರಿನಲ್ಲಿ ಎರಡು ಎದುರುಬದುರಿನ ಚಲನೆಗಳನ್ನು ನಾವು ಕರೆಯುತ್ತಿದ್ದೇವೆ: ಒಂದರಲ್ಲಿ ಕೆಲಸ ಭಾಷೆಯೊಳಕ್ಕೆ ಬರುತ್ತದೆ, ಜೊತೆಗೆ ಪದವನ್ನು ತರುತ್ತದೆ, ಇನ್ನೊಂದರಲ್ಲಿ ಕೆಲಸ ಭಾಷೆಯಿಂದ ಹೊರಟುಹೋಗುತ್ತದೆ, ಹೋಗುವಾಗ ಪದವನ್ನು ಬಿಟ್ಟುಹೋಗುತ್ತದೆ. ಹದಿನಾಲ್ಕನೆಯ ಶತಮಾನದ ಇಂಗ್ಲಿಷಿನಲ್ಲಿ ಆದದ್ದು ಮೊದಲನೆಯದು. ಇಂಗ್ಲಿಷ್ ಮಾಧ್ಯಮದ ಮಗುವಿನ ಕನ್ನಡದಲ್ಲಿ ಆಗುತ್ತಿರುವುದು ಎರಡನೆಯದು. ಮೊದಲನೆಯದರ ಹಿರಿಮೆಯನ್ನು ತೋರಿಸಿ ಎರಡನೆಯದಕ್ಕೆ ಸಮಾಧಾನ ಹೇಳುವುದು ತಪ್ಪು ತರ್ಕ.

ಕೆಲಸ ಯಾವ ಭಾಷೆಯಲ್ಲಿದೆಯೋ ಆ ಭಾಷೆಯೇ ಕೊಡುತ್ತದೆ ಎಂಬುದಕ್ಕೆ ತರೀಕೆರೆಯ ಅಡಿಕೆ ಮಾರುಕಟ್ಟೆಗಿಂತ ಸ್ಪಷ್ಟ ಸಾಕ್ಷಿ ಬೇಕಿಲ್ಲ. ಪಶ್ಚಿಮ ಕರಾವಳಿಗೆ ಬಂದ ಪೋರ್ಚುಗೀಸರು ಮಲಯಾಳದ ಅಡಕ್ಕ, ಕನ್ನಡದ ಅಡಿಕೆಯನ್ನು ಕೇಳಿಸಿಕೊಂಡು ಅರೆಕ ಎಂದರು. ಅವರಿಂದ ಇಂಗ್ಲಿಷಿನವರು ಪಡೆದರು. ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಗಿಡದ ಶಾಸ್ತ್ರೀಯ ಹೆಸರನ್ನೂ ಅದರಿಂದಲೇ ಇಟ್ಟ. ಹೆಸರು ಹೀಗೆ ಜಗತ್ತು ಸುತ್ತಿತು. ಆದರೆ ಅದಕ್ಕಿಂತ ಹೆಚ್ಚಿನ ಸಂಗತಿ ಈಗಲೂ ದಿನವೂ ನಡೆಯುತ್ತಿದೆ. ಅಡಿಕೆಯನ್ನು ಸುಲಿದು, ಬೇಯಿಸಿ, ಒಣಗಿಸಿ, ಆರಿಸುವ ವಿದ್ಯೆ ಕನ್ನಡದಲ್ಲಿದೆ. ಆದ್ದರಿಂದ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ದರ್ಜೆಗಳ ಹೆಸರನ್ನು ಸರಕಾರದ ಇಂಗ್ಲಿಷ್ ದರಪಟ್ಟಿಗಳು ಹಾಗೆಹಾಗೆಯೇ ಅಚ್ಚುಹಾಕುತ್ತವೆ. ಕೆರೆಯ ನೀರಾವರಿಯಲ್ಲೂ ಹೀಗೆಯೇ ಆಯಿತು. ಮೈಸೂರಿನ ಇಂಜಿನಿಯರರ ಇಂಗ್ಲಿಷ್ ವರದಿಗಳಲ್ಲಿ ಅಚ್ಚುಕಟ್ಟು, ಕೋಡಿ, ನೀರುಗಂಟಿ ಹೊಕ್ಕವು, ಯಾಕೆಂದರೆ ಆ ವಿದ್ಯೆಯನ್ನು ಅವರು ಕಲಿತದ್ದು ಕೆರೆಯ ಏರಿಯ ಮೇಲೆ. ಇವ್ಯಾವುವೂ ಇಂಗ್ಲೆಂಡಿನ ಮನೆಮಾತನ್ನು ಮುಟ್ಟಲಿಲ್ಲ. ಕೆಲಸ ಇದ್ದಷ್ಟು ದೂರ ಮಾತ್ರ ಪದ ಹೋಯಿತು.

ಇದಕ್ಕೆ ಬರಬಹುದಾದ ಗಟ್ಟಿ ಆಕ್ಷೇಪ ಒಂದಿದೆ. ಇಂಗ್ಲಿಷ್ ತನ್ನ ಕೆಲಸಗಳನ್ನು ವಾಪಸು ಪಡೆದದ್ದು ಅದರ ದೊರೆಗಳು ಫ್ರಾನ್ಸಿನಿಂದ ಬೇರ್ಪಟ್ಟಿದ್ದರಿಂದ. ಕನ್ನಡಕ್ಕೆ ಆ ಅನುಕೂಲವಿಲ್ಲ. ನೌಕರಿ, ಉನ್ನತ ವಿದ್ಯೆ, ಹೈಕೋರ್ಟು ಎಲ್ಲ ಇಂಗ್ಲಿಷಿನ ಹಿಡಿತದಲ್ಲಿರುವಾಗ ಕೆಲಸ ಕನ್ನಡಕ್ಕೆ ಬರಲಿ ಎನ್ನುವುದು ಬರಿಯ ಆಸೆ. ಸಿಕ್ಕುವುದು ಪದಗಳಷ್ಟೇ ಆದರೆ ಪದಗಳನ್ನಾದರೂ ತೆಗೆದುಕೊಳ್ಳೋಣ. ಈ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಮೊದಲರ್ಧ ನಿಜ, ಕಠೋರವಾಗಿ ನಿಜ. ಆದರೆ ಎರಡನೆಯ ಅರ್ಧ ಮೊದಲರ್ಧದಿಂದ ಹುಟ್ಟುವುದಿಲ್ಲ. ಕೆಲಸ ಬರುವುದು ಕಷ್ಟ ಎಂಬುದು ಪದಗಳಿಂದ ಭಾಷೆ ಬೆಳೆಯುತ್ತದೆ ಎಂಬುದಕ್ಕೆ ಪುರಾವೆಯಲ್ಲ. ಇಂಗ್ಲಿಷಿಗೂ ಅದು ಸುಲಭವಿರಲಿಲ್ಲ. 1362ರ ಕಾನೂನು ಬಂದಮೇಲೂ ಅಲ್ಲಿನ ವಕೀಲರು ಫ್ರೆಂಚಿನಲ್ಲಿ ಟಿಪ್ಪಣಿ ಬರೆಯುವುದನ್ನು ಬಿಡಲಿಲ್ಲ. ಕೋರ್ಟಿನ ದಾಖಲೆಗಳೆಲ್ಲ ಇಂಗ್ಲಿಷಿನಲ್ಲಿರಬೇಕೆಂಬ ಕಾನೂನು ಜಾರಿಗೆ ಬಂದದ್ದು 1733ರಲ್ಲಿ. ನಮ್ಮ ರಾಜ್ಯಭಾಷಾ ಅಧಿನಿಯಮ 1963ರದು. ಕೆಳ ಕೋರ್ಟು, ಪಂಚಾಯಿತಿ, ಸಹಕಾರ ಸಂಘ, ಕೃಷಿ ಮಾರುಕಟ್ಟೆ ಇವುಗಳಲ್ಲಿ ಕನ್ನಡ ಈಗಾಗಲೇ ಇದೆ ಅಥವಾ ಇರಲು ಅಡ್ಡಿಯಿಲ್ಲ. ಪದ ಶುದ್ಧವೋ ಅಶುದ್ಧವೋ ಎಂಬ ವಾಗ್ವಾದದಲ್ಲಿ ಖರ್ಚಾಗುವ ಶಕ್ತಿ ಈ ಕಡೆಗೆ ಹರಿದರೆ ಸಾಕು. ಪದಗಳ ಬಗ್ಗೆ ಆಮೇಲೆ ಜಗಳವಾಡಲು ಬೇಕಾದಷ್ಟು ಸಮಯವಿದೆ.

ವಿಜ್ಞಾನದ ಕೆಲಸವೂ ಇಂಗ್ಲಿಷಿಗೆ ಹೀಗೆಯೇ ಬಂತು. ನ್ಯೂಟನ್ 1687ರಲ್ಲಿ ತನ್ನ ಪ್ರಿನ್ಸಿಪಿಯವನ್ನು ಲ್ಯಾಟಿನ್‌ನಲ್ಲಿ ಬರೆದ. 1704ರಲ್ಲಿ ಬೆಳಕಿನ ಮೇಲಿನ ಆಪ್ಟಿಕ್ಸ್ ಗ್ರಂಥವನ್ನು ಇಂಗ್ಲಿಷಿನಲ್ಲಿ ಹೊರತಂದ. ಪ್ರತಿಫಲನ, ವಕ್ರೀಭವನಗಳಿಗೆ ಅದರಲ್ಲಿ ಅವನು ಬಳಸಿದ ಪದಗಳು ಲ್ಯಾಟಿನ್‌ನವೇ. ಬದಲಾದದ್ದು ಪದಗಳಲ್ಲ, ವಿಜ್ಞಾನದ ಹೊಸ ಮಾತನ್ನು ಮೊದಲು ಆಡುವ ಭಾಷೆ. ನಮ್ಮಲ್ಲಿ ಆಗಬೇಕಾದದ್ದೂ ಇದೇ. ತರೀಕೆರೆಯ ತೋಟಗಳಿರುವ ಮಲೆನಾಡಿನ ಸೆರಗಿನಲ್ಲಿ ಈಗ ಅಡಿಕೆಗೆ ಎಲೆಚುಕ್ಕಿ ರೋಗದ ಕಾಟವಿದೆ. ರೋಗದ ಬಗ್ಗೆ ಕರಪತ್ರಗಳು ಕನ್ನಡದಲ್ಲಿ ಬರುತ್ತವೆ, ಆದರೆ ಕರಪತ್ರ ಹೇಳುವುದು ಬೇರೆಡೆ ತೀರ್ಮಾನವಾದದ್ದನ್ನು. ತೀರ್ಮಾನಕ್ಕೆ ಮುಂಚಿನ ಪರೀಕ್ಷೆ, ಲೆಕ್ಕ, ಸಂದೇಹ, ವಾದವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತದೆ. ಈ ರೋಗವನ್ನು ಅಭ್ಯಾಸ ಮಾಡುತ್ತಿರುವ ಕನ್ನಡದ ವಿಜ್ಞಾನಿಗಳಲ್ಲಿ ನನ್ನದೊಂದು ಬೇಡಿಕೆ. ನಿಮ್ಮ ಒಂದು ಪೂರ್ಣ ಸಂಶೋಧನಾ ಪ್ರಬಂಧವನ್ನು, ಕೋಷ್ಟಕ ಮತ್ತು ಸಂದೇಹಗಳ ಸಮೇತ, ಮೊದಲು ಕನ್ನಡದಲ್ಲಿ ಬರೆಯಿರಿ. ಶಿಲೀಂಧ್ರ ಎನ್ನಿ, ಫಂಗಸ್ ಎನ್ನಿ, ಬೂಷ್ಟು ಎನ್ನಿ. ಯಾವ ಪದ ಬಳಸಿದರೂ ನಾವು ಓದುತ್ತೇವೆ.